ಕಣ್ಣು ಮುಚ್ಚಬಹುದು, ಕಿವಿ ಮುಚ್ಚಲಾದೀತೆ?

(ಶ್ರೀನಿವಾಸಪುರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾವಿನ ಸುಗ್ಗಿ ಮುಗಿದು ಮಂಡಿಗಳೆಲ್ಲ ಈಗ ತಣ್ಣಗಾಗಿವೆ. ಆದರೆ ನಿಮ್ಮ ಕೆಲಸ ಮಾತ್ರ ಮುಗಿದಿಲ್ಲ. ಬೆಳಿಗ್ಗೆ ಎದ್ದು ಡೈರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನಕ್ಕೆ ಮುದ್ದೆ ಸಾರು ಮಾಡಿಟ್ಟು ಇಲ್ಲಿಗೆ ಬಂದಿದ್ದೀರಿ. ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತದ ಬಗ್ಗೆ ಮಾತನಾಡಬೇಕಾದ ಸಭೆಯಲ್ಲಿ ನಾನು ಸಿನಿಮಾ ಬಗ್ಗೆ ಮಾತನಾಡುತ್ತೇನೆ ಎಂದಾಗ ಒಬ್ಬ ಹೆಣ್ಣುಮಗಳು ನಗುತ್ತಾ ಕೇಳಿದಳು: "ಏನ್ ಮೇಡಂ, ನಮ್ ಕಷ್ಟ ಬಿಟ್ಟು ಸಿನಿಮಾ ಕತೆ ಹೇಳ್ತೀರಾ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದೇ ಈ ಹೊತ್ತಿನ ನನ್ನ ಕೆಲಸ.

ನಮ್ಮದು ಗಡಿ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಡೇರೆ ಟಾಕೀಸಿನ ಕಾಲದಿಂದಲೂ ಎರಡೂ ಭಾಷೆಯ ಸಿನಿಮಾ ನೋಡಿ ಬೆಳೆದವರು ನಾವು. ಆ ಚಿತ್ರಗಳನ್ನು ನಾನು ಹೀಗಳೆಯುವುದಿಲ್ಲ. ದಿನವಿಡೀ ದುಡಿದ ಹೆಂಗಸಿಗೆ ಎರಡೂವರೆ ಗಂಟೆ ಮೈಮರೆಯುವ ಹಕ್ಕಿದೆ. ಆದರೆ ಇನ್ನೊಂದು ಬಗೆಯ ಸಿನಿಮಾ ಇದೆ. ಜನ ಅದನ್ನು 'ಅವಾರ್ಡ್ ಪಿಕ್ಚರ್' ಎಂದು ಗೇಲಿ ಮಾಡುತ್ತಾರೆ. ಅದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಕಡೆಗೆ ಖಳನಾಯಕನಿಗೆ ಶಿಕ್ಷೆಯೂ ಇಲ್ಲ. ನೋಡಿ ಮನೆಗೆ ಹೋದರೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಬೇಕೆಂದೇ ನಮ್ಮ ನೆಮ್ಮದಿ ಕೆಡಿಸುವ ಸಿನಿಮಾ ಅದು. ಚಿತ್ರ ಮತ್ತು ಸದ್ದು ಎರಡನ್ನೂ ಬಳಸಿ ಅದು ನಮ್ಮನ್ನು ಹೇಗೆ ಕಲಕುತ್ತದೆ, ಹಾಗೆ ಕಲಕುವುದರಿಂದ ನಮ್ಮಂಥ ಹೆಂಗಸರಿಗೆ ಏನು ಪ್ರಯೋಜನ ಎಂಬುದನ್ನು ನಿಮ್ಮೆದುರು ಬಿಚ್ಚಿಡುತ್ತೇನೆ.

ಮೊದಲು ನಮಗೆ ಗೊತ್ತಿರುವ ಸಿನಿಮಾದಿಂದಲೇ ಆರಂಭಿಸೋಣ. ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುತ್ತಾನೆ. ಆ ಏಟನ್ನು ಮೂರು ಕಡೆಯಿಂದ ಮೂರು ಸಲ ತೋರಿಸುತ್ತಾರೆ. ಸಿಡಿಲು ಬಡಿದ ಹಾಗೆ ಸದ್ದು. ಆಮೇಲೆ ಪಿಟೀಲು. ಪಿಟೀಲು ಶುರುವಾದ ಕೂಡಲೇ ನಮ್ಮ ಸೆರಗು ಕಣ್ಣಿಗೆ ಹೋಗುತ್ತದೆ. ಎಲ್ಲಿ ಅಳಬೇಕು, ಎಲ್ಲಿ ಕೋಪಗೊಳ್ಳಬೇಕು, ಎಲ್ಲಿ ನಗಬೇಕು ಎಂದು ಸಂಗೀತವೇ ನಮಗೆ ಹೇಳಿಕೊಡುತ್ತದೆ. ಅತ್ತು ಹಗುರಾಗಿ ಮನೆಗೆ ಬರುತ್ತೇವೆ. ಸಂಜೆ ಧಾರಾವಾಹಿಯಲ್ಲಿ ಸೊಸೆಯ ಗೋಳು ನೋಡುವಾಗಲೂ ಇದೇ ಆಗುತ್ತದೆ.

ಕೆಲವು ಚಿತ್ರಗಳಲ್ಲಂತೂ ಹೆಂಡತಿಯನ್ನು ಬಗ್ಗಿಸುವುದೇ ತಮಾಷೆ. 1989ರಲ್ಲಿ ಬಂದ 'ನಂಜುಂಡಿ ಕಲ್ಯಾಣ' ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಸೊಕ್ಕಿನ ಹುಡುಗಿಯನ್ನು ಮದುವೆಯಾಗಿ ಗಂಡ ಪಳಗಿಸುವ ಕತೆ. ಇಡೀ ಕರ್ನಾಟಕ ಅದನ್ನು ನೋಡಿ ನಕ್ಕಿತು. ನಾನೂ ನಕ್ಕೆ. ಹಸು ಪಳಗಿಸಿದ ಹಾಗೆ ಹೆಣ್ಣನ್ನು ಪಳಗಿಸಬಹುದು ಎಂಬ ಮಾತು ನಗುವಿನ ಜೊತೆಗೇ ನಮ್ಮೊಳಗೆ ಇಳಿಯಿತು. ಹೀಗೆ ಸಿಹಿಯಲ್ಲಿ ಅದ್ದಿ ಕೊಟ್ಟದ್ದು ಗಂಟಲಲ್ಲಿ ಇಳಿಯುವುದು ಗೊತ್ತೇ ಆಗುವುದಿಲ್ಲ.

ಈಗ ಎರಡನೆಯ ಬಗೆಯ ಸಿನಿಮಾಕ್ಕೆ ಬರೋಣ. ಕನ್ನಡದಲ್ಲಿ ಅದು ದೊಡ್ಡ ಗದ್ದಲದೊಂದಿಗೇ ಹುಟ್ಟಿತು. 1970ರ 'ಸಂಸ್ಕಾರ' ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರ. ಅಗ್ರಹಾರದಲ್ಲಿ ಒಬ್ಬ ಸತ್ತಿದ್ದಾನೆ. ಅವನು ಆಚಾರ ಕೆಟ್ಟವನು, ಆದ್ದರಿಂದ ಅವನ ಹೆಣ ಸುಡುವವರು ಯಾರು ಎಂದು ಎಲ್ಲರೂ ತರ್ಕ ಮಾಡುತ್ತಾ ಕೂರುತ್ತಾರೆ. ಹೆಣ ಕೊಳೆಯುತ್ತಿದೆ, ಶಾಸ್ತ್ರ ನಡೆಯುತ್ತಿದೆ. ಇದರಲ್ಲಿ ಒಂದು ಹೊಡೆದಾಟವಿಲ್ಲ. ಆದರೂ ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಆಮೇಲೆ ತಡೆ ತೆರವಾಗಿ, ಕನ್ನಡಕ್ಕೆ ಮೊದಲ ಸ್ವರ್ಣ ಕಮಲವನ್ನು ತಂದುಕೊಟ್ಟದ್ದೂ ಅದೇ ಚಿತ್ರ. ಆ ಚಿತ್ರದಲ್ಲಿ ಎಲ್ಲ ಪಂಡಿತರಿಗಿಂತ ಮನುಷ್ಯಳಾಗಿ ಕಾಣುವವಳು ಚಂದ್ರಿ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಆಕೆ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪರದೆಯ ಮೇಲೆ ನೆಮ್ಮದಿ ಕೆಡಿಸಿದವಳು ಪರದೆಯ ಹೊರಗೂ ಅದನ್ನೇ ಮಾಡಿದಳು, ಅದಕ್ಕೆ ಬೆಲೆ ತೆತ್ತಳು. ಈ ಹೆಸರನ್ನು ನಾವು ಮರೆಯಬಾರದು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 1977ರ 'ಘಟಶ್ರಾದ್ಧ'ದ ಬಗ್ಗೆ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ಅದು. ಕತೆ ಅನಂತಮೂರ್ತಿಯವರದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಬಿ. ವಿ. ಕಾರಂತರದು. ಅದಕ್ಕೂ ಸ್ವರ್ಣ ಕಮಲ ಬಂತು. ಸುಮಾರು ಐವತ್ತು ವರ್ಷದ ಮೇಲೆ ಆ ಚಿತ್ರದ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು.

ಕತೆ ಸಣ್ಣದು. ಮಲೆನಾಡಿನ ಒಂದು ವೇದ ಪಾಠಶಾಲೆ. ಅದನ್ನು ನಡೆಸುವ ಉಡುಪರ ಮಗಳು ಯಮುನಾ, ಚಿಕ್ಕ ವಯಸ್ಸಿನ ವಿಧವೆ. ಅಲ್ಲಿಗೆ ಓದಲು ಬಂದ ಪುಟ್ಟ ಹುಡುಗ ನಾಣಿಗೆ ಅವಳು ಯಮುನಕ್ಕ. ಮನೆ ಬಿಟ್ಟು ಬಂದು ಅಳುವ ಮಗುವಿಗೆ ಅವಳೇ ತಾಯಿ. ಅವಳು ಊರಿನ ಶಾಲೆಯ ಮೇಷ್ಟ್ರಿಂದ ಬಸುರಾಗುತ್ತಾಳೆ. ಬಸುರನ್ನು ತೆಗೆಸಬೇಕಾಗುತ್ತದೆ. ಹುತ್ತದೊಳಗೆ ಕೈಯಿಟ್ಟು ಸಾಯಲು ನೋಡುತ್ತಾಳೆ. ಊರಿಗೆಲ್ಲ ಗೊತ್ತಾದ ಮೇಲೆ ಹೆತ್ತ ತಂದೆಯೇ ಅವಳಿಗೆ ಘಟಶ್ರಾದ್ಧ ಮಾಡುತ್ತಾನೆ. ಎಂದರೆ, ಬದುಕಿರುವ ಮಗಳಿಗೆ ಸತ್ತವರಿಗೆ ಮಾಡುವ ಕರ್ಮ ಮಾಡಿ ಜಾತಿಯಿಂದ ಹೊರಗೆ ಹಾಕುವುದು. ಅದೇ ತಂದೆ ಮುದಿ ವಯಸ್ಸಿನಲ್ಲಿ ಮಗಳಿಗಿಂತ ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿದ್ದಾನೆ. ಅದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ.

ಈ ಕತೆಯನ್ನು ಮೂರು ಕರವಸ್ತ್ರ ಒದ್ದೆಯಾಗುವ ಹಾಗೆ ತೆಗೆಯಬಹುದಿತ್ತು. ಕಾಸರವಳ್ಳಿ ಹಾಗೆ ಮಾಡಲಿಲ್ಲ. ಏನು ಮಾಡಿದರು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಯಾರ ಕಣ್ಣಿಂದ ನೋಡುತ್ತೇವೆ ಎಂಬುದು. ಇಡೀ ಚಿತ್ರ ನಾಣಿಯ ಕಣ್ಣಿನ ಮಟ್ಟದಲ್ಲಿದೆ. ಆ ಮಗುವಿಗೆ ಬಸುರು ಗೊತ್ತಿಲ್ಲ, ಹಾದರ ಎಂಬ ಮಾತು ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಒಂದೇ: ತನಗೆ ಅನ್ನ ಹಾಕಿದ ಅಕ್ಕ ಹೆದರಿದ್ದಾಳೆ. ಊರಿನ ಬಾಯಲ್ಲಿ 'ಕೆಟ್ಟವಳು' ಎಂಬ ಮಾತು ಬರುವ ಮೊದಲೇ ನಾವು ಅವಳ ಹೆದರಿಕೆಯನ್ನು ನೋಡಿಬಿಟ್ಟಿರುತ್ತೇವೆ. ಆದ್ದರಿಂದ ಆಮೇಲೆ ಆ ಮಾತು ಬಂದಾಗ ಅದು ನಮ್ಮ ಬಾಯಿಗೆ ಸಲೀಸಾಗಿ ಬರುವುದಿಲ್ಲ. ಒಬ್ಬ ಹೆಣ್ಣಿನ ಬಗ್ಗೆ ತೀರ್ಪು ಕೊಡುವ ಚಾಳಿಯನ್ನು ಈ ಚಿತ್ರ ನಮ್ಮಿಂದ ಎರಡು ಗಂಟೆಯ ಮಟ್ಟಿಗಾದರೂ ಕಸಿದುಕೊಳ್ಳುತ್ತದೆ.

ಎರಡನೆಯದು ಕಪ್ಪು ಬಿಳುಪು. ಬಣ್ಣವಿಲ್ಲ. ಬಣ್ಣವಿದ್ದರೆ ಮಲೆನಾಡಿನ ಹಸಿರು ನೋಡಿ ಕಣ್ಣು ತಂಪಾಗುತ್ತಿತ್ತು. ಇಲ್ಲಿ ಕಣ್ಣಿಗೆ ಆ ವಿಶ್ರಾಂತಿ ಇಲ್ಲ. ಮನೆಯೊಳಗಿನ ಕತ್ತಲೆಯಲ್ಲಿ ಅವಳ ಮುಖವನ್ನು ನಾವೇ ಹುಡುಕಿಕೊಳ್ಳಬೇಕು.

ಮೂರನೆಯದು ಆ ಮಡಕೆ. ಘಟ ಎಂದರೆ ಮಡಕೆ. ನಿಮಗೆ ಮಡಕೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ನೀರು ಹೊತ್ತವರು ನೀವು. ಸಾವಿನ ಮನೆಯಲ್ಲಿ ತೂತು ಮಾಡಿದ ಮಡಕೆ ಹೊತ್ತು ಸುತ್ತಿ ಒಡೆಯುವುದನ್ನೂ ಕಂಡವರು. ಹೆಣ್ಣಿನ ಗರ್ಭವನ್ನೂ ನಮ್ಮ ಹಿರಿಯರು ಮಡಕೆಗೆ ಹೋಲಿಸಿದ್ದಾರೆ. ಹೀಗೆ ದಿನವೂ ಸೊಂಟದ ಮೇಲಿರುವ ಒಂದು ಸಾಮಾನು ಒಬ್ಬ ಹೆಣ್ಣಿನ ತೀರ್ಪಾಗಿಬಿಡುತ್ತದೆ. ಚಿತ್ರ ನೋಡಿದ ಮೇಲೆ ನೀವು ಮಡಕೆಯನ್ನು ಮೊದಲಿನ ಹಾಗೆ ನೋಡಲಾರಿರಿ. ಗೊತ್ತಿದ್ದ ವಸ್ತುವನ್ನು ಗೊತ್ತಿಲ್ಲದ ಹಾಗೆ ಮಾಡಿ ಕೊಡುವುದು ಈ ಬಗೆಯ ಸಿನಿಮಾದ ದೊಡ್ಡ ಶಕ್ತಿ.

ನಾಲ್ಕನೆಯದು ಕೊನೆಯ ಚಿತ್ರ. ನಾಣಿಯನ್ನು ಅವನ ತಂದೆ ಬಂದು ಊರಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ದಾರಿಯಲ್ಲಿ ಮರದ ಕೆಳಗೆ ತಲೆ ಬೋಳಿಸಿದ ಒಬ್ಬ ಹೆಂಗಸು ಕೂತಿದ್ದಾಳೆ. ಅವಳೇ ಯಮುನಕ್ಕ. ಮಗು ನೋಡುತ್ತದೆ. ಅಷ್ಟೇ. ಯಾರೂ ಓಡಿ ಬಂದು ಅವಳನ್ನು ಕಾಪಾಡುವುದಿಲ್ಲ, ಮೇಷ್ಟ್ರಿಗೆ ಹಾವು ಕಡಿಯುವುದಿಲ್ಲ, ತಂದೆಗೆ ಬುದ್ಧಿ ಬರುವುದಿಲ್ಲ.

ಈ ಚಿತ್ರವನ್ನು ಒಮ್ಮೆ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದಾಗ, ಮುಗಿದ ಮೇಲೆ ಬಹಳ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಕೇಳಿದರು: "ಆ ಮೇಷ್ಟ್ರು ಏನಾದ? ಅವನಿಗೆ ಯಾರಮ್ಮ ಮಡಕೆ ಒಡೆದೋರು?" ಉತ್ತರ ಚಿತ್ರದಲ್ಲಿ ಇಲ್ಲ. ಅದಕ್ಕೇ ಆ ಪ್ರಶ್ನೆ ಅಜ್ಜಿಯ ಬಾಯಲ್ಲಿ ಹುಟ್ಟಿತು. ಸಿನಿಮಾವೇ ಮೇಷ್ಟ್ರನ್ನು ಶಿಕ್ಷಿಸಿಬಿಟ್ಟಿದ್ದರೆ ನಾವು ಚಪ್ಪಾಳೆ ತಟ್ಟಿ, ಲೆಕ್ಕ ಚುಕ್ತಾ ಆಯಿತೆಂದು ಎದ್ದು ಹೋಗುತ್ತಿದ್ದೆವು. ಲೆಕ್ಕವನ್ನು ಬಾಕಿ ಇಟ್ಟು ನಮ್ಮ ಕೈಗೆ ಕೊಡುವುದು ಇಂಥ ಸಿನಿಮಾದ ರೀತಿ. ಸಂಘದ ಪುಸ್ತಕ ಬರೆಯುವ ನಿಮಗೆ ಬಾಕಿ ಎಂದರೆ ಏನೆಂದು ಚೆನ್ನಾಗಿ ಗೊತ್ತು. ತೀರಿಸುವ ತನಕ ಅದು ಪುಟದಿಂದ ಪುಟಕ್ಕೆ ಬರುತ್ತಲೇ ಇರುತ್ತದೆ.

ಇದೇ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ತೆಗೆದ ಚಿತ್ರ 1983ರ 'ಫಣಿಯಮ್ಮ'. ಎಂ. ಕೆ. ಇಂದಿರಾ ಅವರು ನಿಜವಾಗಿ ಬದುಕಿದ್ದ ಒಬ್ಬಾಕೆಯ ಬಾಳನ್ನು ಆಧರಿಸಿ ಬರೆದ ಕಾದಂಬರಿಯನ್ನು ಪ್ರೇಮಾ ಕಾರಂತರು ಚಿತ್ರ ಮಾಡಿದರು. ಎಲ್. ವಿ. ಶಾರದಾ ಫಣಿಯಮ್ಮನಾಗಿ ನಟಿಸಿದರು. ಮದುವೆ ಎಂದರೇನೆಂದು ತಿಳಿಯುವ ಮೊದಲೇ ವಿಧವೆಯಾದ ಹುಡುಗಿ ಬೋಳು ತಲೆ ಹೊತ್ತು ಒಂದು ಆಯುಷ್ಯವನ್ನೇ ಮೌನವಾಗಿ ದುಡಿಯುತ್ತಾಳೆ. ಅವಳ ಮೌನವೇ ಅಲ್ಲಿಯ ಸದ್ದು. ಆ ಮನೆಯಲ್ಲೇ ಮುಂದಿನ ತಲೆಮಾರಿನ ದಾಕ್ಷಾಯಿಣಿ ಎಂಬ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಆಗ ಫಣಿಯಮ್ಮ ನಿಲ್ಲುವುದು ಆ ಹುಡುಗಿಯ ಪಕ್ಷದಲ್ಲಿ. ನಾನು ಪಟ್ಟ ಕಷ್ಟವನ್ನು ನೀನೂ ಪಡು ಎನ್ನುವ ಅತ್ತೆಯರ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಅಡುಗೆಮನೆಗೆ ಬರುತ್ತೇನೆ. ವಿಧವೆಯ ಕತೆ ಹಳೆಯ ಕಾಲದ್ದು, ನಮಗೇನು ಸಂಬಂಧ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅಡುಗೆಮನೆಯಿಂದ ತಪ್ಪಿಸಿಕೊಳ್ಳುವುದು ಎಲ್ಲಿಗೆ?

ಬೆಲ್ಜಿಯಂ ದೇಶದ ಶಾಂತಾಲ್ ಅಕರ್ಮನ್ ಎಂಬ ಇಪ್ಪತ್ತೈದು ವರ್ಷದ ಹೆಣ್ಣುಮಗಳು 1975ರಲ್ಲಿ 'ಜಾನ್ ದೀಲ್ಮನ್' ಎಂಬ ಚಿತ್ರ ಮಾಡಿದಳು. ಮೂರು ಗಂಟೆ ಇಪ್ಪತ್ತೊಂದು ನಿಮಿಷದ ಚಿತ್ರ. ಅದರಲ್ಲಿ ಒಬ್ಬ ವಿಧವೆ ಮೂರು ದಿನ ಮನೆಗೆಲಸ ಮಾಡುತ್ತಾಳೆ. ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಗನಿಗೆ ಬಡಿಸುತ್ತಾಳೆ, ದೀಪ ಆರಿಸುತ್ತಾಳೆ. ಹೊಟ್ಟೆಪಾಡಿಗೆ ಮಧ್ಯಾಹ್ನದ ಹೊತ್ತು ಗಂಡಸರು ಬಂದು ಹೋಗುತ್ತಾರೆ. ಕ್ಯಾಮೆರಾ ಅಲ್ಲಾಡದೆ ನಿಂತು ನೋಡುತ್ತದೆ. ಹಿನ್ನೆಲೆ ಸಂಗೀತವಿಲ್ಲ. ನಲ್ಲಿಯ ನೀರು, ಚಾಕುವಿನ ಸದ್ದು, ಬಾಗಿಲ ಸದ್ದು, ಸ್ವಿಚ್ಚಿನ ಟಕ್ ಎಂಬ ಸದ್ದು, ಅಷ್ಟೇ. ಎರಡನೆಯ ದಿನ ಆಲೂಗಡ್ಡೆ ಬೆಂದು ಹಾಳಾಗುತ್ತದೆ. ಅಷ್ಟು ಹೊತ್ತಿಗೆ ಅವಳ ಕೆಲಸದ ಲಯ ನಮಗೆ ರೂಢಿಯಾಗಿರುವುದರಿಂದ, ಒಂದು ಪಾತ್ರೆ ಆಲೂಗಡ್ಡೆ ಕೆಟ್ಟದ್ದೇ ನಮಗೆ ದೊಡ್ಡ ಅಪಘಾತದಂತೆ ಕಾಣುತ್ತದೆ. ಮೂರನೆಯ ದಿನ ಅವಳು ಕತ್ತರಿ ತೆಗೆದುಕೊಂಡು ಮನೆಗೆ ಬಂದ ಒಬ್ಬ ಗಂಡಸನ್ನು ಕೊಲ್ಲುತ್ತಾಳೆ. ಕೊಲೆ ಎಲ್ಲಿಂದಲೋ ಬಂತು ಎನ್ನಿಸುವುದಿಲ್ಲ. ಮೂರು ಗಂಟೆ ಕಾಲ ಅದು ನಮ್ಮ ಕಿವಿಗೆ ಬೀಳುತ್ತಲೇ ಇತ್ತು ಎನ್ನಿಸುತ್ತದೆ. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಮತದಾನದಲ್ಲಿ ಜಗತ್ತಿನ ವಿಮರ್ಶಕರು ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಆರಿಸಿದ್ದು ಈ ಅಡುಗೆಮನೆಯ ಚಿತ್ರವನ್ನು.

ನಮ್ಮ ಪಕ್ಕದ ಕೇರಳದಲ್ಲಿ 2021ರಲ್ಲಿ ಜಿಯೋ ಬೇಬಿ ಅವರ 'ದಿ ಗ್ರೇಟ್ ಇಂಡಿಯನ್ ಕಿಚನ್' ಬಂತು. ಹೊಸದಾಗಿ ಮದುವೆಯಾದ, ಓದಿದ ಹುಡುಗಿ. ಅವಳಿಗೆ ಚಿತ್ರದಲ್ಲಿ ಹೆಸರೂ ಇಲ್ಲ. ಗಂಡ ಅವಳಿಗೆ ಬೆಲ್ಟಿನಿಂದ ಬಾರಿಸುವುದಿಲ್ಲ, ಮಾವ ಗದರುವುದಿಲ್ಲ, ಮೆತ್ತಗೆ ಮಾತನಾಡುತ್ತಾರೆ. ಹೆಚ್ಚುವ, ರುಬ್ಬುವ, ಒಗ್ಗರಣೆ ಹಾಕುವ, ಉಜ್ಜುವ ಸದ್ದು ಮತ್ತೆ ಮತ್ತೆ ಬರುತ್ತದೆ. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಪೈಪು ಸೋರುತ್ತದೆ. ಪ್ಲಂಬರನ್ನು ಕರೆಸಿ ಎಂದು ಗಂಡನಿಗೆ ಹೇಳುತ್ತಲೇ ಇರುತ್ತಾಳೆ, ಅವನು ಮರೆಯುತ್ತಲೇ ಇರುತ್ತಾನೆ. ಆ ಕೊಳಕು ನೀರು ಚಿತ್ರದುದ್ದಕ್ಕೂ ತೊಟ್ಟಿಕ್ಕುತ್ತದೆ. ಕೊನೆಗೆ ಅದೇ ನೀರನ್ನು ಅವಳು ಅವರ ಮೇಲೆ ಎರಚಿ ಹೊರಗೆ ನಡೆಯುತ್ತಾಳೆ. ಇದನ್ನು ನೋಡಿದ ಎಷ್ಟೋ ಗಂಡಸರು ಬೇಸರವಾಯಿತು, ಬರೀ ಅಡುಗೆ ತೋರಿಸಿದ್ದಾರೆ ಎಂದರು. ನಿಮಗೆ ಒಂದೂ ಮುಕ್ಕಾಲು ಗಂಟೆ ನೋಡುವುದೇ ಬೇಸರವಾದರೆ, ಐವತ್ತು ವರ್ಷ ಅದನ್ನೇ ಮಾಡುವವಳಿಗೆ ಏನಾಗಬೇಕು ಎಂದು ನಾವು ತಿರುಗಿ ಕೇಳಬೇಕು.

ಈ ಎಲ್ಲ ಚಿತ್ರಗಳಲ್ಲಿ ಒಂದು ಸಮಾನ ಗುಣ ಇದೆ. ಹೊಡೆತವನ್ನು ದೊಡ್ಡದಾಗಿ ತೋರಿಸುವುದಿಲ್ಲ. ನಾವು ದಿನವೂ ಕೇಳಿಯೂ ಕೇಳದ ಸದ್ದನ್ನು ನಮಗೆ ಕೇಳಿಸುತ್ತವೆ. ಪಿಟೀಲು ನಿಂತ ಮೇಲೆ ಮನೆಯ ನಿಜವಾದ ಸದ್ದು ಕೇಳಿಸುತ್ತದೆ.

ಇದು ನನಗೆ ಯಾಕೆ ಇಷ್ಟು ಮುಖ್ಯವೆಂದು ಹೇಳಬೇಕಾದರೆ ನನ್ನದೇ ಒಂದು ವಿಷಯವನ್ನು ಹೇಳಬೇಕು. ಇದನ್ನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

1987ರಲ್ಲಿ ನನಗೆ ಇಪ್ಪತ್ತೇಳು ವರ್ಷ. ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ನನಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಗೆ ಬಂದ ಸೊಸೆಗೆ ಇಪ್ಪತ್ತು ತುಂಬಿರಲಿಲ್ಲ. ಬಾವಿಕಟ್ಟೆಯಲ್ಲಿ ಸಿಕ್ಕಾಗ "ಊಟ ಆಯ್ತಾ ಅಕ್ಕಾ" ಎನ್ನುತ್ತಿದ್ದಳು. ರಾತ್ರಿ ಗೋಡೆಯಾಚೆಯಿಂದ ಸದ್ದು ಬರುತ್ತಿತ್ತು. ಮೊದಲು ಮಾತು, ಆಮೇಲೆ ಪಾತ್ರೆ ಬೀಳುವ ಸದ್ದು, ಆಮೇಲೆ ಬಾಯಿ ಮುಚ್ಚಿ ಅಳುವ ಸದ್ದು. ಸ್ಕೂಟರ್ ಎಂಬ ಮಾತು ಎಷ್ಟೋ ಸಲ ಕೇಳಿಸಿತು. ನಾನು ಏನು ಮಾಡುತ್ತಿದ್ದೆ ಗೊತ್ತೇ? ರೇಡಿಯೋ ಜೋರು ಮಾಡುತ್ತಿದ್ದೆ. ಮರುದಿನದ ಪಾಠಕ್ಕೆ ತಯಾರಿ ಮಾಡಿಕೊಳ್ಳಬೇಕಿತ್ತಲ್ಲ!

ಒಂದು ಬೆಳಿಗ್ಗೆ ಸೀಮೆಎಣ್ಣೆಯ ವಾಸನೆ, ಜನ, ಗದ್ದಲ. ಸ್ಟೌ ಸಿಡಿಯಿತು ಎಂದರು. ಆಸ್ಪತ್ರೆಯಲ್ಲಿ ಎರಡನೆಯ ದಿನ ಹೋಗಿಬಿಟ್ಟಳು. ಪೊಲೀಸರು ವಠಾರದವರನ್ನೆಲ್ಲ ವಿಚಾರಿಸಿದರು. ನನ್ನನ್ನೂ ಕೇಳಿದರು: "ಏನಾದ್ರೂ ಗಲಾಟೆ ಕೇಳಿಸ್ತಿತ್ತಾ ಮೇಡಂ?" ನಾನು ಹೇಳಿದೆ: "ಇಲ್ಲ. ನಮಗೇನೂ ಕೇಳಿಸಲಿಲ್ಲ."

ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಂ 1986ರಲ್ಲೇ ಬಂದಿತ್ತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸುಟ್ಟೋ ಅಸಹಜವಾಗಿಯೋ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅವಳಿಗೆ ಹಿಂಸೆ ಕೊಟ್ಟಿದ್ದರು ಎಂದು ತೋರಿಸಬೇಕು. ಅದನ್ನು ತೋರಿಸುವವರು ಯಾರು? ಗೋಡೆಗೆ ಬಾಯಿಲ್ಲ. ಗೋಡೆಯ ಈಚೆಗಿದ್ದವಳಿಗೆ ಇತ್ತು. ಕಾಯ್ದೆಗೆ ಬೇಕಾಗಿದ್ದದ್ದು ನನ್ನ ಕಿವಿ. ನಾನು ಅದನ್ನು ಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ 'ಘಟಶ್ರಾದ್ಧ' ನೋಡಿದೆ. ನಾಣಿ ಯಮುನಕ್ಕನನ್ನು ನೋಡುತ್ತಾ ದೂರವಾಗುವ ಆ ಕೊನೆಯ ಚಿತ್ರ ಬಂದಾಗ ನನ್ನ ಕೈಕಾಲು ತಣ್ಣಗಾದವು. ಅವನು ಚಿಕ್ಕ ಹುಡುಗ, ತಂದೆಯ ಕೈ ಹಿಡಿದು ಹೋಗಲೇಬೇಕಾದವನು. ನನ್ನ ಕೈ ಯಾರು ಹಿಡಿದಿದ್ದರು? ಆ ಪ್ರಶ್ನೆ ಇವತ್ತಿಗೂ ಬಾಕಿ ಇದೆ. ಚೆನ್ನಾಗಿ ಅಳಿಸಿ ಕಳಿಸುವ ಸಿನಿಮಾ ಆಗಿದ್ದರೆ ಅಂದೇ ತೀರಿಹೋಗುತ್ತಿತ್ತೋ ಏನೋ. ಇದು ತೀರಲು ಬಿಡಲಿಲ್ಲ. ಮಹಿಳಾ ಸಂಘಟನೆಯ ಕೆಲಸಕ್ಕೆ ನಾನು ಬಂದದ್ದು ಆಮೇಲೆ.

ಹಾಗೆಂದು ಈ ಚಿತ್ರಗಳನ್ನೆಲ್ಲ ಕಣ್ಣು ಮುಚ್ಚಿ ಹೊಗಳಲಾರೆ. ಇವುಗಳ ಬಗ್ಗೆ ನಮ್ಮ ತಕರಾರೂ ಇದೆ. ಕನ್ನಡದ ಆರಂಭದ ಕಲಾತ್ಮಕ ಚಿತ್ರಗಳಲ್ಲಿ ಎಷ್ಟೋ ಅಗ್ರಹಾರದ ಕತೆಗಳೇ. ಕೂಲಿ ಮಾಡುವ ದಲಿತ ಹೆಣ್ಣುಮಗಳು ಆ ಅಗ್ರಹಾರದ ಅಂಚಿನಲ್ಲಿ ಮಾತ್ರ ಕಾಣುತ್ತಾಳೆ. ಮುಂದೆ ಲೋಕ ಸ್ವಲ್ಪ ಅಗಲವಾಯಿತು. 2004ರಲ್ಲಿ ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕತೆಯಿಂದ ಕಾಸರವಳ್ಳಿ 'ಹಸೀನಾ' ಮಾಡಿದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ಮಕ್ಕಳೊಂದಿಗೆ ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುತ್ತಾಳೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅದೇ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ನಿಮಗೂ ಗೊತ್ತಿರಬಹುದು. 2008ರ 'ಗುಲಾಬಿ ಟಾಕೀಸು' ವೈದೇಹಿಯವರ ಕತೆಯಿಂದ ಹುಟ್ಟಿದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಟಿ.ವಿ. ಸಿಗುತ್ತದೆ, ಕೇರಿಯ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರಿ ನೋಡುತ್ತಾರೆ. ಉಮಾಶ್ರೀ ಅವರಿಗೆ ಅದರಿಂದ ರಾಷ್ಟ್ರ ಪ್ರಶಸ್ತಿ ಬಂತು. ಹೆಂಗಸರು ಒಟ್ಟಿಗೆ ಕೂತು ನೋಡಿದರೆ ಮನೆಯೊಳಗಿನ ಮಾತು ಹೊರಗೆ ಬರುತ್ತದೆ ಎಂಬುದನ್ನು ಆ ಗುಲಾಬಿಯಿಂದ ನಾವು ಕಲಿಯಬಹುದು.

ಇನ್ನೊಂದು ಎಚ್ಚರ. ನೆಮ್ಮದಿ ಕೆಡಿಸುವುದೆಲ್ಲ ಒಳ್ಳೆಯ ಸಿನಿಮಾ ಅಲ್ಲ. ಹೆಣ್ಣಿನ ಮೇಲಿನ ಅತ್ಯಾಚಾರವನ್ನು ಹತ್ತು ನಿಮಿಷ ತೋರಿಸಿ, ಸಮಾಜದ ಕನ್ನಡಿ ಹಿಡಿದಿದ್ದೇವೆ ಎನ್ನುವವರೂ ಇದ್ದಾರೆ. ಅದನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಆ ಹೊತ್ತಿನಲ್ಲಿ ಕ್ಯಾಮೆರಾ ಯಾರ ಜೊತೆ ನಿಂತಿದೆ? ಅವಳ ಮೈಯನ್ನು ನೋಡುತ್ತಿದೆಯೋ, ಅವಳ ಜೊತೆ ನಿಂತು ಎದುರಿಗಿರುವವನನ್ನು ನೋಡುತ್ತಿದೆಯೋ? ಮೊದಲನೆಯದಾದರೆ ಎದ್ದು ಬನ್ನಿ. ಎಷ್ಟು ಪ್ರಶಸ್ತಿ ಬಂದಿದ್ದರೂ ಸರಿಯೇ.

ಈಗ ಕೆಲಸದ ಮಾತು. 2008ರಲ್ಲಿ 'ಬ್ರೇಕ್‌ಥ್ರೂ' ಎಂಬ ಸಂಸ್ಥೆ 'ಬೆಲ್ ಬಜಾವೋ' ಎಂಬ ಪ್ರಚಾರ ಆರಂಭಿಸಿತು. ಟಿ.ವಿ.ಯಲ್ಲಿ ಬಂದ ಒಂದು ನಿಮಿಷದ ಸಣ್ಣ ಚಿತ್ರಗಳು. ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಒಂದು ಮನೆಯೊಳಗಿಂದ ಗಂಡಸು ಕೂಗಾಡುವ, ಹೆಂಗಸು ಅಳುವ ಸದ್ದು ಬರುತ್ತದೆ. ಒಬ್ಬ ಹುಡುಗ ಹೋಗಿ ಬೆಲ್ ಒತ್ತಿ, ಚೆಂಡು ಬಂತಾ ಎಂದು ಕೇಳುತ್ತಾನೆ. ಚೆಂಡು ಅವರ ಕೈಯಲ್ಲೇ ಇದೆ. ಬಾಗಿಲು ತೆರೆದ ಗಂಡಸಿಗೆ ಅರ್ಥವಾಗುತ್ತದೆ, ಹೊರಗೆ ಕೇಳಿಸುತ್ತಿದೆ ಎಂದು. ಹೊಡೆತವನ್ನು ನಾವು ಒಮ್ಮೆಯೂ ನೋಡುವುದಿಲ್ಲ. ಬರೀ ಸದ್ದು. ಆ ಸದ್ದಿಗೆ ಉತ್ತರವಾಗಿ ಇನ್ನೊಂದು ಸದ್ದು. ದೊಡ್ಡ ನಿರ್ದೇಶಕರು ಎರಡು ಗಂಟೆಯಲ್ಲಿ ಮಾಡಿದ್ದನ್ನು ಇದು ಒಂದು ನಿಮಿಷದಲ್ಲಿ ಮಾಡಿ, ಏನು ಮಾಡಬೇಕೆಂದೂ ಹೇಳಿತು.

ಇವತ್ತು ಕಾಯ್ದೆಯೂ ನಮ್ಮ ಪರವಾಗಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೇ ಕಲಮಿನ ಪ್ರಕಾರ ಹಿಂಸೆ ನಡೆಯುತ್ತಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೆರೆಯವಳು ತಿಳಿಸಬಹುದು, ಸಂಘದ ಗೆಳತಿ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಹಿಂದೆ 498-ಎ ಎನ್ನುತ್ತಿದ್ದ ಕ್ರೌರ್ಯದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ವರದಕ್ಷಿಣೆ ಸಾವು 80ನೇ ಕಲಮಿನಲ್ಲಿದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆಗಳನ್ನು ಸಂಘದ ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

ನೀವು ಮಾಡಬಹುದಾದ ಇನ್ನೊಂದು ಕೆಲಸ ಇದೆ. ತಿಂಗಳಿಗೊಮ್ಮೆ ಉಳಿತಾಯದ ಲೆಕ್ಕ ಮುಗಿದ ಮೇಲೆ ಇಂಥ ಒಂದು ಚಿತ್ರವನ್ನು ಒಟ್ಟಿಗೆ ನೋಡಿ. ಒಂದೇ ಸಲ ಪೂರ್ತಿ ಬೇಡ, ಅರ್ಧ ಗಂಟೆ ಸಾಕು. ನೋಡಿದ ಮೇಲೆ ಕತೆ ಚೆನ್ನಾಗಿದೆಯೇ ಎಂದು ಕೇಳಬೇಡಿ. ಏನು ಕೇಳಿಸಿತು, ಯಾವ ವಸ್ತು ಕಣ್ಣಲ್ಲಿ ಉಳಿಯಿತು, ಎಲ್ಲಿ ಮುಖ ತಿರುಗಿಸಬೇಕೆನ್ನಿಸಿತು ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ನಮ್ಮ ನಮ್ಮ ಮನೆಯ ಗುಟ್ಟು ಇರುತ್ತದೆ. ಆದರೆ ಒಂದು ಮಾತು ನೆನಪಿಡಿ. ಮನೆಯಲ್ಲಿ ಇವತ್ತೂ ಏಟು ತಿನ್ನುತ್ತಿರುವ ಹೆಣ್ಣುಮಗಳಿಗೆ ಇಂಥ ಚಿತ್ರ ಹಳೆ ಗಾಯ ಕೆದರಿದ ಹಾಗೆ ಆಗಬಹುದು. ಅವಳು ಎದ್ದು ಹೊರಗೆ ಹೋದರೆ ತಡೆಯಬೇಡಿ. ಒಬ್ಬರು ಜೊತೆಗೆ ಹೋಗಿ ಸುಮ್ಮನೆ ಕೂರಿ. ಎಲ್ಲರೆದುರು ಹೇಳು ಎಂದು ಒತ್ತಾಯ ಮಾಡಬೇಡಿ. ಅವಳಿಗೆ ಹೇಳಬೇಕೆನ್ನಿಸಿದ ದಿನ ಕೇಳಲು ನಾವಿದ್ದರೆ ಸಾಕು.

ಆರಂಭದಲ್ಲಿ ಒಬ್ಬ ಹೆಣ್ಣುಮಗಳು ಕೇಳಿದ್ದಳಲ್ಲ, ನಮ್ಮ ಕಷ್ಟ ಬಿಟ್ಟು ಸಿನಿಮಾ ಕತೆಯೇ ಎಂದು. ತಾಯಿ, ಸಿನಿಮಾದಿಂದ ಯಾವ ಹೆಣ್ಣೂ ಬದುಕಿ ಬರುವುದಿಲ್ಲ. ಅದು ಮಾಡುವುದು ಒಂದೇ ಕೆಲಸ. ಕಿವಿಗೆ ತುರುಕಿಕೊಂಡ ಹತ್ತಿಯನ್ನು ತೆಗೆಯುತ್ತದೆ. ಆಮೇಲೆ ಎದ್ದು ಹೋಗಿ ಬಾಗಿಲು ತಟ್ಟಬೇಕಾದವರು ನಾವೇ.

ಇವತ್ತು ರಾತ್ರಿ ಊಟ ಮುಗಿಸಿ ಟಿ.ವಿ. ಹಾಕುವ ಮೊದಲು ಐದು ನಿಮಿಷ ಸುಮ್ಮನೆ ಕೂತು ಕೇಳಿ. ಪಕ್ಕದ ಮನೆಯಿಂದ ಏನಾದರೂ ಕೇಳಿಸಿದರೆ ಟಿ.ವಿ. ಹಾಕಬೇಡಿ. ಇನ್ನೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ ಬಾಗಿಲು ತಟ್ಟಿ. ಹೆಪ್ಪು ಹಾಕಲು ಒಂದು ಚಮಚ ಮೊಸರು ಬೇಕಿತ್ತು ಎನ್ನಿ. ನನಗೆ ಆ ದಿನಗಳಲ್ಲಿ ಅಷ್ಟು ಮಾತ್ರ ಹೊಳೆದಿದ್ದರೆ ಸಾಕಾಗಿತ್ತು.